ಗೋಕ್ಷಯ–ಮನುಷ್ಯಕ್ಷಯಗಳ ಐಕ್ಯಭೇದವಿಚಾರ

ಗೋವಿಗೆ ಬರುವ ಕ್ಷಯರೋಗವೂ ಮನುಷ್ಯನಿಗೆ ಬರುವ ಕ್ಷಯರೋಗವೂ ಒಂದೆಯೋ ಬೇರೆಬೇರೆಯೋ, ಅದು ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವುದೋ ಇಲ್ಲವೋ ಎಂಬ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ವೈದ್ಯಪಂಡಿತರನ್ನು ಎರಡು ಪಕ್ಷಗಳಾಗಿ ಒಡೆಯಿತು. ಕ್ಷಯಾಣುವನ್ನು ಮೊದಲು ಕಂಡು ಲೋಕಕ್ಕೆ ತೋರಿಸಿದ ರಾಬರ್ಟ್ ಕೋಖನೇ ಅದರಲ್ಲೊಂದು ಪಕ್ಷಕ್ಕೆ ನಾಯಕನು. ಈ ವಾದದ ಚರಿತ್ರೆಯು ವೈದ್ಯರಿಗೆ ಮಾತ್ರ ಸೇರಿದುದೆಂದು ಭಾವಿಸಿ ಸಾಹಿತ್ಯಾಭ್ಯಾಸಿಗಳು ಕೈಬಿಡತಕ್ಕುದಲ್ಲ. ಆಪ್ತವಾಕ್ಯಕ್ಕೆ ಮೇರೆ ಎಲ್ಲಿ, ಕಾಣದಿರುವುದರಿಂದ ಇಲ್ಲದಿರುವುದನ್ನು ಎಷ್ಟರಮಟ್ಟಿಗೆ ಸಾಧಿಸಬಹುದು ಎಂದು ನಾವು ಪಾಠಶಾಲೆಗಳಲ್ಲಿ ತರ್ಕಗ್ರಂಥಗಳನ್ನು ಹಿಡಿದು ಚರ್ಚಿಸುವ ಪ್ರಶ್ನೆಗಳೇ ಅಲ್ಲಿ ಹಾಲು ಕುಡಿಯುವ ಕೂಸುಗಳ ಪ್ರಾಣದ ಪ್ರಶ್ನೆಗಳಾಗಿ ನಿಂತಿದ್ದವು.

ಮೊದಲು ನಮ್ಮ ವಾಙ್ಮಯದ ಕಡೆಗೆ ದೃಷ್ಟಿ ಹಾಯಿಸಿ ಮುಂದುವರಿಯುವುದು ಯುಕ್ತ. ಈ ರೋಗಕ್ಕೆ ನಮ್ಮಲ್ಲಿ ಪ್ರಸಿದ್ಧವಾದ ಹೆಸರು ರಾಜಯಕ್ಷ್ಮ. ತೈತ್ತಿರೀಯಸಂಹಿತೆಯ ಎರಡನೆಯ ಕಾಂಡದಲ್ಲಿ ಇದರ ಉತ್ಪತ್ತಿಕಥೆಯಿದೆ. ಪ್ರಜಾಪತಿಯು ತನ್ನ ಮೂವತ್ತಮೂರು ಹೆಣ್ಣುಮಕ್ಕಳನ್ನು ಸೋಮರಾಜನಿಗೆ ಕೊಟ್ಟನು. ಸೋಮನು ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾಗಿರಲು ಅವನನ್ನು ಯಕ್ಷ್ಮವು ಹಿಡಿಯಿತು. ರಾಜನನ್ನು ಹಿಡಿದುದರಿಂದ ಅದು ರಾಜಯಕ್ಷ್ಮವೆನಿಸಿತು. ಚರಕಸಂಹಿತೆಯಲ್ಲಿಯೂ ಈ ಕಥೆ ಬಂದಿದೆ. ರೋಗಗಳಿಗೆಲ್ಲ ರಾಜನಾದುದರಿಂದ ಈ ಹೆಸರೆಂದು ನಿರ್ವಚನ ಮಾಡುವವರೂ ಉಂಟು. ಪ್ರಾಸಂಗಿಕವಾಗಿ ಒಂದು ಮಾತು: ಕತ್ತಿನ ಗ್ರಂಥಿಗಳು ಊದಿ ಒಡೆಯುವ ಗಂಡಮಾಲೆಯನ್ನು ಇಂಗ್ಲೆಂಡಿನವರು ಅರಸನ ವ್ಯಾಧಿಯೆಂದು ಕರೆಯುತ್ತಿದ್ದರು. ಅಲ್ಲಿ ಅರಸನು ರೋಗಿಯಲ್ಲ, ವೈದ್ಯ. ಅವನ ಹಸ್ತಸ್ಪರ್ಶದಿಂದ ಗಂಟು ಕರಗುವುದೆಂದು ಜನರು ನಂಬಿದ್ದರು. ಮುಂದೆ ನಿಘಂಟುಕಾರನಾಗಿ ವಿಖ್ಯಾತನಾದ ಸ್ಯಾಮುಯೆಲ್ ಜಾನ್ಸನನನ್ನು ಅವನ ಎಳವೆಯಲ್ಲಿ, 1712ರಲ್ಲಿ, ಆನ್ ರಾಣಿಯು ಹೀಗೆಯೇ ಮುಟ್ಟಿ ಹರಸಿದಳು. ನಮ್ಮ ಮತ್ತು ಅವರ ಹೆಸರುಗಳೆರಡರಲ್ಲಿಯೂ ರಾಜಶಬ್ದವಿರುವುದು ಕೇವಲ ಕಾಕತಾಳೀಯ.

ಅಥರ್ವಸಂಹಿತೆಯ ಎಂಟನೆಯ ಕಾಂಡದ ಏಳನೆಯ ಸೂಕ್ತವು ಓಷಧಿಗಳ ಸ್ತುತಿ. ಅದರ ಒಂದು ಮಂತ್ರದಲ್ಲಿ ಗೋವುಗಳ ಯಕ್ಷ್ಮವೂ ಪುರುಷರ ಯಕ್ಷ್ಮವೂ ಮೂಲಿಕೆಗಳಿಂದ ನೂಕಲ್ಪಟ್ಟು ನಾವೆಗಳು ಸಂಚರಿಸುವ ಹೊಳೆಗಳನ್ನು ದಾಟಿಹೋಗಲೆಂದು ಪ್ರಾರ್ಥನೆಯಿದೆ. ಗೋವಿಗೂ ಮನುಷ್ಯನಿಗೂ ಒಂದೇ ಶಬ್ದ, ಒಂದೇ ವಾಕ್ಯ! ಇದನ್ನು ಹಿಡಿದುಕೊಂಡು, ಪಾಶ್ಚಾತ್ಯರು ನಿನ್ನೆ ಕಂಡುದನ್ನು ನಮ್ಮ ಋಷಿಗಳು ಎಂದೋ ಕಂಡಿದ್ದರೆಂದು ಘೋಷಿಸುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಅದು ನ್ಯಾಯವಲ್ಲ. ವೇದದಲ್ಲಿ ಯಕ್ಷ್ಮಶಬ್ದವು ಬಹುಸ್ಥಲಗಳಲ್ಲಿ ಸಾಮಾನ್ಯವಾಗಿ ವ್ಯಾಧಿಯೆಂಬ ಅರ್ಥದಲ್ಲಿಯೇ ಬಂದಿದೆ. ಶಬ್ದೈಕ್ಯದಿಂದ ರೋಗೈಕ್ಯವನ್ನು ಸಾಧಿಸಲಾಗದು. ಅದೇ ಸಂಹಿತೆಯಲ್ಲಿ ಅಪಚಿತ್ತೆಂಬ ಗಂಟುರೋಗವನ್ನು ಓಡಿಸುವ ಸೂಕ್ತಗಳು ಬೇರೆಯಾಗಿಯೇ ಇವೆ; ಸುಶ್ರುತನೂ ಅಪಚಿಯನ್ನು ಗ್ರಂಥಿ, ಅರ್ಬುದ, ಗಲಗಂಡಗಳೊಡನೆ ಸೇರಿಸಿದನೇ ಹೊರತು ಯಕ್ಷ್ಮದೊಡನೆ ಸೇರಿಸಲಿಲ್ಲ. ಕತ್ತಿನ ಗಂಟೂ ಎದೆಯ ಕೆಮ್ಮೂ ಒಂದೇ ಬಳಗದ ಅಣುವಿನಿಂದ ಹುಟ್ಟಬಹುದೆಂಬುದು ಲೋಕಕ್ಕೆ ತಿಳಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಈ ಗಂಡಮಾಲೆಯ ವಿಷಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ವಾದದ ಮರ್ಮವು ಇಲ್ಲಿಯೇ ಇದೆ.

ನಮ್ಮ ಪೂರ್ವಿಕರು ಪಶುವೈದ್ಯವನ್ನು ಅಲಕ್ಷ್ಯ ಮಾಡಿದವರಲ್ಲ. ಕುದುರೆಗೆ ಶಾಲಿಹೋತ್ರನ ಸಂಪ್ರದಾಯ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ. ಕನ್ನಡದಲ್ಲಿ ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಗೋವೈದ್ಯವನ್ನು ರಚಿಸಿದನು. ಅದರಲ್ಲಿ ಔಷಧವೂ ಇದೆ, ಮಂತ್ರತಂತ್ರಗಳೂ ಇವೆ. ಅರಸುಮನೆತನದವನೊಬ್ಬನು ದನಗಳ ರೋಗವನ್ನು ಕುರಿತು ದೇಶಭಾಷೆಯಲ್ಲಿ ಗ್ರಂಥ ಬರೆದನೆಂಬುದೇ ನಮಗೆ ಹೆಮ್ಮೆಯ ವಿಷಯ. ಆದರೆ ಈ ಶಾಸ್ತ್ರಗಳು ಒಂದೊಂದು ಪ್ರಾಣಿಗೆ ಒಂದೊಂದಾಗಿ ಬೆಳೆದವು. ಕೊಟ್ಟಿಗೆಯ ವೈದ್ಯವೇ ಬೇರೆ, ಮನೆಯ ವೈದ್ಯವೇ ಬೇರೆ. ಕೊಟ್ಟಿಗೆಯಿಂದ ಅಡಿಗೆಯ ಮನೆಗೆ ದಿನವೂ ಹೋಗುವ ಹಾಲಿನ ತಂಬಿಗೆಯು ಎರಡು ಶಾಸ್ತ್ರಗಳ ನಡುವೆ ಉಳಿದುಹೋಯಿತು. ಇದು ನಮ್ಮ ದೇಶಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ಯೂರೋಪಿನಲ್ಲಿ ಮೊದಲನೆಯ ಪಶುವೈದ್ಯಶಾಲೆಯು ಫ್ರಾನ್ಸಿನ ಲಿಯಾನಿನಲ್ಲಿ ಸ್ಥಾಪಿತವಾದುದು 1762ರಲ್ಲಿ. ಅದಾದ ಮೇಲೂ ಒಂದು ಶತಮಾನದ ಕಾಲ ಅಲ್ಲಿಯೂ ಈ ಎರಡು ವಿದ್ಯೆಗಳ ನಡುವೆ ಗೋಡೆಯಿದ್ದಿತು.

ದನಗಳ ಎದೆಗೂಡಿನ ಒಳಪೊರೆಯಲ್ಲಿ ಮುತ್ತು ಪೋಣಿಸಿದಂತೆ ಗಂಟುಗಳು ಏಳುವುದನ್ನು ಜರ್ಮನಿಯ ಕಟುಕರು ಬಹುಕಾಲದಿಂದ ಬಲ್ಲವರಾಗಿದ್ದರು. ಅದಕ್ಕೆ ಅವರಿಟ್ಟ ಹೆಸರು ಮುತ್ತಿನ ರೋಗ. ಹದಿನೆಂಟನೆಯ ಶತಮಾನದಲ್ಲಿ ಅದನ್ನು ಮನುಷ್ಯರ ಉಪದಂಶರೋಗದ ಬಗೆಯೆಂದು ತಪ್ಪಾಗಿ ಎಣಿಸಿ, ಅಂತಹ ಮಾಂಸವನ್ನು ಹೂಳಿಸುತ್ತಿದ್ದರು. ಆ ಎಣಿಕೆ ಸುಳ್ಳೆಂದು ಗೊತ್ತಾದೊಡನೆ ಶತಮಾನದ ಕೊನೆಯಲ್ಲಿ ನಿಷೇಧವನ್ನು ತೆಗೆದುಹಾಕಿದರು. ತಪ್ಪು ಹೇತುವಿನಿಂದ ಸರಿಯಾದ ಆಚಾರವು ನಡೆಯುತ್ತಿದ್ದು, ಹೇತುವು ಬಿದ್ದಾಗ ಆಚಾರವೂ ಬಿದ್ದುಹೋದುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ನನಗೆ ಕಂಡಿಲ್ಲ.

ಎರಡು ವಿದ್ಯೆಗಳ ನಡುವಣ ಗೋಡೆಯನ್ನು ಮೊದಲು ಒಡೆದವನು ಫ್ರೆಂಚ್ ಸೇನಾವೈದ್ಯನಾದ ವಿಲ್‌ಮೆಂ. ಕ್ಷಯದಿಂದ ಸತ್ತ ಮನುಷ್ಯನ ಶ್ವಾಸಕೋಶದ ದ್ರವ್ಯವನ್ನು ಮೊಲಗಳಿಗೆ ಚುಚ್ಚಿ, ಅವುಗಳಲ್ಲಿ ಕ್ಷಯವು ಹುಟ್ಟುವುದನ್ನು ಅವನು ತೋರಿಸಿದನು. 1865ರಲ್ಲಿ ಪ್ಯಾರಿಸಿನ ವೈದ್ಯಪರಿಷತ್ತಿನ ಮುಂದೆ ಅವನು ಇದನ್ನು ನಿವೇದಿಸಿದಾಗ ಹೆಚ್ಚಿನವರು ಒಪ್ಪಲಿಲ್ಲ. ಕ್ಷಯವು ವಂಶಪಾರಂಪರ್ಯದಿಂದಲೂ ದೇಹಪ್ರಕೃತಿಯಿಂದಲೂ ಬರತಕ್ಕದ್ದೆಂಬುದೇ ಆಗಿನ ವಿದ್ವಾಂಸರ ದೃಢವಾದ ಮತ. ದನದ ಗಂಟಿನ ದ್ರವ್ಯವನ್ನು ಚುಚ್ಚಿದಾಗ ಮೊಲಗಳಿಗೆ ರೋಗವು ಮತ್ತೂ ತೀವ್ರವಾಗಿ ತಗಲಿದುದನ್ನು ವಿಲ್‌ಮೆಂ ಗಮನಿಸಿದ್ದನು. ಎರಡೂ ಕ್ಷಯವೇ, ಆದರೂ ಎರಡಕ್ಕೂ ಏನೋ ತಾರತಮ್ಯವಿದೆ. ಮುಂದಿನ ವಾದವೆಲ್ಲವೂ ಬೀಜರೂಪದಲ್ಲಿ ಇಲ್ಲಿಯೇ ಇದ್ದಿತು.

1882ನೆಯ ಇಸವಿ ಮಾರ್ಚ್ 24ರಂದು ಬರ್ಲಿನಿನಲ್ಲಿ ಕೋಖನು ಕ್ಷಯಾಣುವನ್ನು ಪ್ರಕಟಪಡಿಸಿದನು. ಆಗ ಅವನಿಗೆ ಗೋಕ್ಷಯವೂ ಮನುಷ್ಯಕ್ಷಯವೂ ಒಂದೇ. ಎಂಟು ವರ್ಷಗಳ ಮೇಲೆ ಅವನು ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಕ್ಷಯಕ್ಕೆ ಔಷಧವೆಂದು ಹೊರತಂದುದು ಸಫಲವಾಗಲಿಲ್ಲ. ಆದರೆ ಔಷಧವಾಗಿ ಸೋತ ವಸ್ತುವು ಪರೀಕ್ಷಾಸಾಧನವಾಗಿ ಗೆದ್ದಿತು: ಅದನ್ನು ಚುಚ್ಚಿದ ದನದಲ್ಲಿ ಗುಪ್ತವಾಗಿ ಕ್ಷಯವಿದ್ದರೆ ಜ್ವರವು ಏರುವುದು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗನು 1892ರಿಂದ ಈ ಪರೀಕ್ಷೆಯಿಂದ ಹಿಂಡುಗಳನ್ನು ಎರಡಾಗಿ ವಿಂಗಡಿಸಿ, ರೋಗವುಳ್ಳವನ್ನು ಬೇರೆ ಕೊಟ್ಟಿಗೆಯಲ್ಲಿಟ್ಟು, ಅವುಗಳ ಕರುಗಳನ್ನು ಹುಟ್ಟಿದೊಡನೆ ಅಗಲಿಸಿ, ಕಾಯಿಸಿದ ಹಾಲಿನಿಂದ ಬೆಳೆಸುವ ಪದ್ಧತಿಯನ್ನು ನಡೆಸಿದನು. ಹಿಂಡನ್ನೆಲ್ಲ ಕಡಿಯದೆ ಶುದ್ಧವಾದ ಹಿಂಡನ್ನು ಕಟ್ಟುವುದು ಇದರ ಉದ್ದೇಶ. ಗೋವಧೆಯೆಂಬ ಮಾತೇ ಕಿವಿಗೆ ಸಹಿಸದ ನಮ್ಮ ದೇಶದಲ್ಲಿ ಬ್ಯಾಂಗನ ಹೆಸರು ಇಷ್ಟು ಅಪರಿಚಿತವಾಗಿರುವುದು ನನಗೆ ಆಶ್ಚರ್ಯವನ್ನುಂಟುಮಾಡುತ್ತದೆ.

1898ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ತನು ದನದಿಂದ ತೆಗೆದ ಅಣುಗಳನ್ನೂ ಮನುಷ್ಯರ ಕಫದಿಂದ ತೆಗೆದ ಅಣುಗಳನ್ನೂ ಪಕ್ಕಪಕ್ಕದಲ್ಲಿ ಬೆಳೆಸಿ, ಎರಡೂ ಒಂದಲ್ಲ, ಸಗೋತ್ರವಾದ ಎರಡು ಬಗೆಗಳೆಂದು ಸ್ಥಾಪಿಸಿದನು. ಭೇದವನ್ನು ತೋರಿಸಿದರೂ ದನದ ಅಣುವು ಮನುಷ್ಯನಿಗೆ ನಿರಪಾಯವೆಂದು ಅವನು ಹೇಳಲಿಲ್ಲ. ಆ ಹೆಜ್ಜೆಯನ್ನಿಟ್ಟವನು ಕೋಖನು.

1901ನೆಯ ಜುಲೈ ತಿಂಗಳಲ್ಲಿ ಲಂಡನಿನಲ್ಲಿ ಕ್ಷಯರೋಗವನ್ನು ಕುರಿತ ಮಹಾಸಭೆಯು ಸೇರಿತ್ತು. ಅಲ್ಲಿ ಕೋಖನು ಮಂಡಿಸಿದ ಪ್ರತಿಜ್ಞೆಗಳು ಎರಡು. ಮೊದಲನೆಯದು, ಮನುಷ್ಯಕ್ಷಯವು ದನಕ್ಕೆ ತಗಲದು. ಎರಡನೆಯದು, ಗೋಕ್ಷಯವು ಮನುಷ್ಯನಿಗೆ ತಗಲುವುದು ಅತ್ಯಂತ ವಿರಳ. ವಂಶಪಾರಂಪರ್ಯದಿಂದ ಬರುವ ಕ್ಷಯಕ್ಕಿಂತ ಅದು ಹೆಚ್ಚೇನೂ ಅಲ್ಲವಾದುದರಿಂದ, ಹಾಲು ಮಾಂಸಗಳ ವಿಷಯದಲ್ಲಿ ವಿಶೇಷ ನಿರ್ಬಂಧಗಳು ಬೇಕಿಲ್ಲ. ಸಭೆಯಲ್ಲಿದ್ದ ಲಿಸ್ಟರ್, ಫ್ರಾನ್ಸಿನ ನೊಕಾರ್, ಡೆನ್ಮಾರ್ಕಿನ ಬ್ಯಾಂಗ್, ಆಂಗ್ಲ ಪಶುವೈದ್ಯನಾದ ಮ್ಯಾಕ್‌ಫೇಡಿಯನ್ ಇವರು ಒಪ್ಪಲಿಲ್ಲ. ಆದರೆ ಹೇಳಿದವನು ಕೋಖನು. ಹಾಲಿನ ವ್ಯಾಪಾರಿಗಳಿಗೆ ಇದಕ್ಕಿಂತ ಪ್ರಿಯವಾದ ಆಪ್ತವಾಕ್ಯವು ಮತ್ತಾವುದಿದ್ದೀತು?

ಈ ಎರಡು ಪ್ರತಿಜ್ಞೆಗಳ ಹೇತುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲನೆಯದಕ್ಕೆ ಪ್ರತ್ಯಕ್ಷಪ್ರಯೋಗದ ಬಲವಿದ್ದಿತು. ಕೋಖನು ಮನುಷ್ಯರಿಂದ ತೆಗೆದ ಅಣುಗಳನ್ನು ಎಳೆಯ ದನಗಳಿಗೆ ಮೇವಿನಲ್ಲಿ ಕೊಟ್ಟನು, ಚುಚ್ಚಿದನು, ಉಸಿರಿನೊಡನೆ ಒಳಗೆ ಹೋಗುವಂತೆ ಮಾಡಿದನು. ಅವು ರೋಗಕ್ಕೆ ಬೀಳಲಿಲ್ಲ. ಮನುಷ್ಯಕ್ಷಯಾಣುವಿನಿಂದ ದನದಲ್ಲಿ ಉಲ್ಬಣಿಸುವ ರೋಗವು ಹುಟ್ಟುವುದು ಅಪೂರ್ವವೆಂದು ಮುಂದಿನವರೂ ಕಂಡಿದ್ದಾರೆ. ಎರಡನೆಯ ಪ್ರತಿಜ್ಞೆಗೆ ಇಂತಹ ಪ್ರಯೋಗವು ಸಾಧ್ಯವಿರಲಿಲ್ಲ. ಮನುಷ್ಯರ ಕೂಸಿಗೆ ದನದ ರೋಗವನ್ನು ಚುಚ್ಚಿ ನೋಡುವವರು ಯಾರು? ಅಲ್ಲದೆ ಮನುಷ್ಯನಿಂದ ಗೋವಿಗೆ ಬಾರದೆಂಬುದು ಗೋವಿನಿಂದ ಮನುಷ್ಯನಿಗೆ ಬಾರದೆಂಬುದಕ್ಕೆ ಸಾಧಕವಾಗದು; ಮೇಲಿನಿಂದ ಕೆಳಕ್ಕೆ ಹರಿಯುವ ನೀರು ಕೆಳಗಿನಿಂದ ಮೇಲಕ್ಕೂ ಹರಿಯಬೇಕೆಂಬ ನಿಯಮವಿಲ್ಲವಷ್ಟೆ. ಆದುದರಿಂದ ಕೋಖನು ಇನ್ನೊಂದು ಹೇತುವನ್ನು ಹಿಡಿದನು. ಹಾಲಿನಿಂದ ಕ್ಷಯವು ಬರುವುದಾದರೆ ಅದು ಮೊದಲು ಕರುಳಿನಲ್ಲಿ ನೆಲೆಗೊಳ್ಳಬೇಕು. ಆಸ್ಪತ್ರೆಗಳ ಶವಪರೀಕ್ಷೆಗಳಲ್ಲಿ ಕರುಳಿನಲ್ಲಿಯೇ ಮೊದಲಾದ ಕ್ಷಯವು ತೀರ ವಿರಳ. ಆದುದರಿಂದ ಹಾಲಿನಿಂದ ಕ್ಷಯವು ಬರುವುದೂ ವಿರಳ.

ಇದು ಅನುಪಲಬ್ಧಿಯನ್ನು ಪ್ರಮಾಣವಾಗಿಟ್ಟುಕೊಂಡ ವಾದ. ಕೇವಲ ಅನುಪಲಬ್ಧಿಯು ಅಭಾವವನ್ನು ಸಾಧಿಸದು. ವಸ್ತುವಿದ್ದ ಪಕ್ಷದಲ್ಲಿ ಅಲ್ಲಿ ಕಂಡೇ ಕಾಣಬೇಕೆಂಬ ಯೋಗ್ಯತೆಯಿರುವಾಗ ಮಾತ್ರ ಕಾಣದಿರುವುದು ಪ್ರಮಾಣವಾಗುವುದು. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ನಮ್ಮ ಮೀಮಾಂಸಕರೂ ವೇದಾಂತಿಗಳೂ ಯೋಗ್ಯಾನುಪಲಬ್ಧಿಯೆಂದು ವಿಶೇಷಣವನ್ನು ಸೇರಿಸಿದುದು ಇದಕ್ಕಾಗಿಯೇ. ಹಾಲಿನೊಡನೆ ಒಳಹೊಕ್ಕ ಅಣುವು ಕರುಳಿನ ಗೋಡೆಯಲ್ಲಿ ಗುರುತನ್ನುಳಿಸದೆ ಅದರಾಚೆಯ ಗ್ರಂಥಿಗಳಿಗೆ ದಾಟಿಹೋಗಬಲ್ಲದು. ಅದಕ್ಕೂ ಮೊದಲು ಗಂಟಲಿನ ಗ್ರಂಥಿಗಳ ಮೂಲಕ ಕತ್ತಿಗೆ ಇಳಿಯಬಲ್ಲದು. ಕೋಖನು ಕರುಳಿನಲ್ಲಿ ಹುಡುಕುತ್ತಿದ್ದ ಗುರುತು ಮಕ್ಕಳ ಕತ್ತಿನಲ್ಲಿದ್ದಿತು. ಅದೇ ಗಂಡಮಾಲೆ, ಅರಸನ ಹಸ್ತಸ್ಪರ್ಶದಿಂದ ವಾಸಿಯಾಗುವುದೆಂದು ಜನರು ನಂಬಿದ್ದ ರೋಗ. ಎದೆಯ ಕ್ಷಯವನ್ನು ಮಾತ್ರವೇ ಕ್ಷಯವೆಂದು ಎಣಿಸುವವನಿಗೆ ಅದು ಲೆಕ್ಕಕ್ಕೆ ಬಾರದೆ ಹೋಗುವುದು ಸಹಜ.

ಲಂಡನಿನ ಉಪನ್ಯಾಸವಾದ ಸ್ವಲ್ಪ ದಿನಗಳಲ್ಲಿಯೇ ಬ್ರಿಟಿಷ್ ಸರ್ಕಾರವು ವಿಚಾರಣೆಗಾಗಿ ಒಂದು ರಾಜನಿಯೋಗವನ್ನು ನೇಮಿಸಿತು. ಎಸೆಕ್ಸ್ ಪ್ರಾಂತದ ಸ್ಟ್ಯಾನ್‌ಸ್ಟೆಡ್ಡಿನ ಹೊಲಮನೆಗಳಲ್ಲಿ ದನಗಳನ್ನಿಟ್ಟು ಹತ್ತು ವರ್ಷಗಳ ಕಾಲ ಪ್ರಯೋಗಗಳನ್ನು ನಡೆಸಿದರು. ನಿಯೋಗದ ವಿದ್ವಾಂಸರು ತಿರುವಿಹಾಕಿದ ಪ್ರಶ್ನೆ ಇದು: ದನದ ರೋಗವನ್ನು ಕೂಸಿಗೆ ಚುಚ್ಚಲಾಗದು, ಸರಿ, ಆದರೆ ಸತ್ತ ಕೂಸಿನ ಗ್ರಂಥಿಯಲ್ಲಿರುವ ಅಣುವು ಯಾವ ಬಗೆಯದೆಂದು ನೋಡಬಹುದಲ್ಲವೆ? ನೋಡಿದರು. ಹೊಟ್ಟೆಯ ಮತ್ತು ಕತ್ತಿನ ಗ್ರಂಥಿಗಳ ಕ್ಷಯದಿಂದ ನರಳಿದ ಮಕ್ಕಳಲ್ಲಿ ಹಲವರಿಂದ ದನದ ಬಗೆಯ ಅಣುವೇ ಹೊರಬಂದಿತು. 1907ರ ಮಧ್ಯಂತರ ವರದಿಯಲ್ಲಿಯೂ 1911ರ ಅಂತಿಮ ವರದಿಯಲ್ಲಿಯೂ ಕ್ಷಯವುಳ್ಳ ಹಸುವಿನ ಹಾಲಿನಿಂದ ಮಕ್ಕಳಿಗೆ ರೋಗವೂ ಮರಣವೂ ಸಂಭವಿಸುವುದೆಂದು ಸಿದ್ಧಾಂತ ಮಾಡಿದರು. ಕೋಖನು 1908ರ ವಾಷಿಂಗ್ಟನ್ ಸಭೆಯಲ್ಲಿ ಗೋಕ್ಷಯವು ಮನುಷ್ಯನಿಗೆ ತಗಲಬಹುದೆಂಬಷ್ಟನ್ನು ಒಪ್ಪಿದರೂ, ಶ್ವಾಸಕೋಶದ ಕ್ಷಯಕ್ಕೆ ಅದು ಕಾರಣವಲ್ಲವೆಂಬ ನಿಲುವನ್ನು ಬಿಡಲಿಲ್ಲ, 1910ರಲ್ಲಿ ತೀರಿಕೊಂಡನು.

ಅವನಿಗೆ ಅನ್ಯಾಯವಾಗದಂತೆ ಒಂದು ಮಾತನ್ನು ಹೇಳಬೇಕು. ಮನುಷ್ಯಕ್ಷಯದ ಬಹುಭಾಗವು ಮನುಷ್ಯನ ಕೆಮ್ಮಿನಿಂದಲೇ ಹರಡುವುದೆಂದೂ, ಶಕ್ತಿಯನ್ನೆಲ್ಲ ಅಲ್ಲಿ ವಿನಿಯೋಗಿಸಬೇಕೆಂದೂ ಅವನು ಹೇಳಿದುದು ಸತ್ಯವೇ. ಆದರೆ ಬಹುಭಾಗದಿಂದ ಸರ್ವವನ್ನು ತೆಗೆದುಕೊಂಡುದರಿಂದಾದ ನಷ್ಟವು ಅಲ್ಪವಲ್ಲ. ಚಿಕಾಗೋ ನಗರವು 1908ರಲ್ಲಿಯೇ ಹಾಲನ್ನು ಪಾಶ್ಚರನ ಕ್ರಮದಿಂದ ಕಾಯಿಸಿಯೇ ಮಾರಬೇಕೆಂದು ಕಟ್ಟಳೆ ಮಾಡಿತು. ಕೆನಡಾದ ಆಂಟೇರಿಯೋ ಪ್ರಾಂತವು 1938ರಲ್ಲಿ ಮಾಡಿತು. ನಿಯೋಗವನ್ನು ನೇಮಿಸಿ ಸತ್ಯವನ್ನು ಸ್ಥಾಪಿಸಿದ ಬ್ರಿಟನ್ನಿನಲ್ಲಿಯೇ, ಹಸಿಹಾಲಿನ ಪಕ್ಷಪಾತಿಗಳೂ ವ್ಯಾಪಾರಿಗಳೂ ಅಡ್ಡ ಬಂದುದರಿಂದ, 1930ರ ದಶಕದಲ್ಲಿ ಕರೆಯುವ ಹಸುಗಳಲ್ಲಿ ನೂರಕ್ಕೆ ಸುಮಾರು 40 ಕ್ಷಯಗ್ರಸ್ತವಾಗಿದ್ದು, ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಜನರು, ಅವರಲ್ಲಿ ಮಕ್ಕಳೇ ಹೆಚ್ಚು, ಗೋಕ್ಷಯದಿಂದ ಸಾಯುತ್ತಿದ್ದರು. ಆ ದೇಶದ ಹಿಂಡುಗಳೆಲ್ಲವೂ ಪರೀಕ್ಷೆಗೆ ಒಳಪಟ್ಟುದು 1960ಕ್ಕೆ. ಅಮೆರಿಕದಲ್ಲಿ 1917ರಿಂದ ಪರೀಕ್ಷಿಸಿ ಕಡಿಯುವ ಕಾರ್ಯವು ನಡೆಯಿತು; 1931ರಲ್ಲಿ ಅಯೋವಾ ಸಂಸ್ಥಾನದ ರೈತರು ಪರೀಕ್ಷಕರನ್ನು ತಡೆದುದರಿಂದ ಸೇನೆಯನ್ನೇ ಕಳುಹಿಸಬೇಕಾಯಿತು.

ಇದೇ ಅವಧಿಯಲ್ಲಿ, ಕೊಲ್ಲುತ್ತಿದ್ದ ದನದ ಅಣುವಿನಿಂದಲೇ ರಕ್ಷೆಯೂ ಹುಟ್ಟಿತು. ಕೆಚ್ಚಲಿನ ಕ್ಷಯವುಳ್ಳ ಹಸುವೊಂದರಿಂದ ನೊಕಾರನು ತೆಗೆದಿದ್ದ ಅಣುವನ್ನು ಲೀಲ್ ನಗರದ ಕಾಲ್ಮೆಟ್ ಮತ್ತು ಗೆರಾಂ ಎಂಬಿಬ್ಬರು 1908ರಿಂದ ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ ಮೂರು ಮೂರು ವಾರಗಳಿಗೊಮ್ಮೆ ಹೊಸದಾಗಿ ಬಿತ್ತುತ್ತ, ಹದಿಮೂರು ವರ್ಷಗಳಲ್ಲಿ 230 ಸಲ ಬೆಳೆಸಿ, ಅದರ ವಿಷವನ್ನು ಇಳಿಸಿದರು. 1921ರಲ್ಲಿ ಪ್ಯಾರಿಸಿನ ಶಿಶುವೊಂದಕ್ಕೆ ಅದನ್ನು ಮೊದಲು ಕುಡಿಸಲಾಯಿತು. ಬಿ.ಸಿ.ಜಿ. ಎಂದು ನಾವು ಹೆಸರಿಸುವ ಲಸಿಕೆ ಇದೇ. 1930ರಲ್ಲಿ ಜರ್ಮನಿಯ ಲ್ಯೂಬೆಕ್ಕಿನಲ್ಲಿ ಲಸಿಕೆಯೊಡನೆ ಉಗ್ರವಾದ ಮನುಷ್ಯಕ್ಷಯಾಣುವು ಬೆರೆತುದರಿಂದ 70ಕ್ಕೂ ಹೆಚ್ಚು ಶಿಶುಗಳು ಸತ್ತವು. ಅದು ಪ್ರಯೋಗಶಾಲೆಯ ಅಜಾಗರೂಕತೆಯೇ ಹೊರತು ಲಸಿಕೆಯ ದೋಷವಲ್ಲವೆಂದು ವಿಚಾರಣೆಯಿಂದ ತಿಳಿಯಿತು. ನಮ್ಮ ದೇಶದಲ್ಲಿ ಇದನ್ನು ತಯಾರಿಸುವ ಶಾಲೆಯು 1948ರಲ್ಲಿ ಮದರಾಸಿನ ಗಿಂಡಿಯಲ್ಲಿ ಆರಂಭವಾಯಿತು.

ನಮ್ಮ ದೇಶದ ಸ್ಥಿತಿ ಹೇಗೆ? ಮುಂಬಯಿಯ ಲಿಸ್ಟನ್ ಮತ್ತು ಸೋಪಾರ್ಕರ್ ಎಂಬ ವಿದ್ವಾಂಸರು 1917ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾರತೀಯ ಹಾಲುಹಸುಗಳ ಸಹನಶಕ್ತಿಯು ವಿಲಾಯತಿ ದನಗಳಿಗಿಂತ ಹೆಚ್ಚೆಂದು ಕಂಡಿತು. ಇದಲ್ಲದೆ ಹಾಲನ್ನು ಕಾಯಿಸದೆ ಕುಡಿಯದಿರುವ ನಮ್ಮ ಮನೆಗಳ ರೂಢಿಯು ದೊಡ್ಡ ರಕ್ಷಣೆ. ಇದನ್ನು ಶಾಸ್ತ್ರಕಾರರ ದೂರದೃಷ್ಟಿಯೆಂದು ಕೊಂಡಾಡುವವರಿದ್ದಾರೆ. ವಾಗ್ಭಟನು ಹಸಿಹಾಲು ಗುರುವೆಂದೂ ಅಭಿಷ್ಯಂದಿಯೆಂದೂ, ಹದವಾಗಿ ಕಾಯಿಸಿದುದು ಹಾಗಲ್ಲವೆಂದೂ ಹೇಳಿರುವುದು ನಿಜ. ಆದರೆ ಅದೇ ಉಸಿರಿನಲ್ಲಿ ಧಾರೋಷ್ಣವು, ಅಂದರೆ ಕೆಚ್ಚಲಿನಿಂದ ಕರೆದ ಬಿಸಿಯಾರದ ಹಾಲು, ಅಮೃತಕ್ಕೆ ಸಮಾನವೆಂದೂ ಹೇಳಿದ್ದಾನೆ. ಮೊದಲರ್ಧವನ್ನು ಉದಾಹರಿಸಿ ಉತ್ತರಾರ್ಧವನ್ನು ನುಂಗುವುದು ಪಂಡಿತಧರ್ಮವಲ್ಲ. ಶಾಸ್ತ್ರವು ಒಪ್ಪಿದ ಧಾರೋಷ್ಣವನ್ನು ನಮ್ಮ ಹೆಂಗಸರು ಒಪ್ಪದೆ ಹಾಲನ್ನು ಒಲೆಯ ಮೇಲಿಟ್ಟರು. ಮಕ್ಕಳು ಉಳಿದುದು ಗ್ರಂಥಸ್ಥವಾಕ್ಯಕ್ಕಿಂತ ಹೆಚ್ಚಾಗಿ ಆ ಒಲೆಯಿಂದ.

ಮನುಷ್ಯರು ನಾಡಿನ ಹಿಂಡುಗಳನ್ನು ಶುದ್ಧಗೊಳಿಸುತ್ತಿರುವಾಗ ರೋಗವು ಕಾಡನ್ನು ಸೇರಿದ್ದಿತು. 1971ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಸತ್ತುಬಿದ್ದಿದ್ದ ಬ್ಯಾಡ್ಜರೊಂದರಲ್ಲಿ ದನದ ಕ್ಷಯವು ಕಂಡಿತು; ಇದು ನಮ್ಮ ತರಕರಡಿಯ ಬಳಗಕ್ಕೆ ಸೇರಿದ, ಬಿಲದಲ್ಲಿ ವಾಸಿಸುವ ಪ್ರಾಣಿ. ಇವನ್ನು ಕೊಂದರೆ ದನಗಳು ಉಳಿದಾವೆಯೆ ಎಂಬುದನ್ನು ತಿಳಿಯಲು 1998ರಿಂದ ನಡೆಸಿದ ಪ್ರಯೋಗದಲ್ಲಿ ಸುಮಾರು 11,000 ಬ್ಯಾಡ್ಜರುಗಳು ಹತವಾದವು. ಕೊಂದ ಪ್ರದೇಶದ ಒಳಗೆ ದನಗಳ ರೋಗವು ತಗ್ಗಿದರೂ, ಬೆದರಿ ಚದುರಿದ ಪ್ರಾಣಿಗಳಿಂದ ಅಂಚಿನಲ್ಲಿ ಹೆಚ್ಚಿತು; ಇಂತಹ ವಧೆಯಿಂದ ರೋಗನಿವಾರಣೆಗೆ ಅರ್ಥವತ್ತಾದ ನೆರವಾಗದೆಂದು 2007ರಲ್ಲಿ ವಿದ್ವಾಂಸರ ಮಂಡಲಿಯು ವರದಿ ಮಾಡಿತು. ಆದರೂ 2013ರಿಂದ ಅಲ್ಲಿ ಮತ್ತೆ ವಧೆ ಆರಂಭವಾಯಿತು. ನ್ಯೂಜೀಲೆಂಡಿನಲ್ಲಿ ತುಪ್ಪುಳಿಗಾಗಿ ಆಸ್ಟ್ರೇಲಿಯದಿಂದ ತಂದುಬಿಟ್ಟ ಪಾಸಮ್ ಎಂಬ ಪ್ರಾಣಿಯೇ 1967ರಿಂದ ಈಚೆಗೆ ಕ್ಷಯದ ನೆಲೆಯೆಂದು ತಿಳಿಯಿತು. ಅದರ ತವರಾದ ಆಸ್ಟ್ರೇಲಿಯದ ಕಾಡಿನಲ್ಲಿ ಅಂತಹ ನೆಲೆಯಿಲ್ಲದುದರಿಂದ ಆ ದೇಶವು 1997ರಲ್ಲಿ ಗೋಕ್ಷಯಮುಕ್ತವೆನಿಸಿತು. ದಕ್ಷಿಣ ಆಫ್ರಿಕದ ಕ್ರೂಗರ್ ಅರಣ್ಯದಲ್ಲಿ ದನಗಳಿಂದ ಕಾಡೆಮ್ಮೆಗಳಿಗೂ, ಅವುಗಳನ್ನು ತಿಂದ ಸಿಂಹಗಳಿಗೂ ರೋಗವು ದಾಟಿರುವುದು 1990ರ ದಶಕದಲ್ಲಿ ಗೊತ್ತಾಯಿತು. ಮೃಗರಾಜನನ್ನೂ ಯಕ್ಷ್ಮವು ಹಿಡಿಯಿತು.

ಬಹುಕಾಲದವರೆಗೆ ವಿದ್ವಾಂಸರ ಮತವು, ಮನುಷ್ಯನು ದನವನ್ನು ಸಾಕತೊಡಗಿದಾಗ ದನದ ಅಣುವೇ ಮಾರ್ಪಟ್ಟು ಮನುಷ್ಯಕ್ಷಯವಾಯಿತೆಂದಿತ್ತು. ಅಣುಗಳ ವಂಶಲಿಪಿಯನ್ನು ಓದುವ ವಿದ್ಯೆಯು ಬಂದ ಮೇಲೆ, 2002ರಲ್ಲಿ ಬ್ರಾಷ್ ಮೊದಲಾದವರು ಅದನ್ನು ಖಂಡಿಸಿದರು. ದನದ ಅಣುವಿನಲ್ಲಿ ಲಿಪಿಯ ಹಲವು ಭಾಗಗಳು ಲುಪ್ತವಾಗಿವೆ. ಮನುಷ್ಯನ ಅಣುವಿನಲ್ಲಿ ಅವು ಉಳಿದಿವೆ. ಪಾಠವು ಲುಪ್ತವಾದ ಪ್ರತಿಯು ಪೂರ್ಣಪಾಠವುಳ್ಳ ಪ್ರತಿಗೆ ಮಾತೃಕೆಯಾಗಲಾರದೆಂಬುದು ಓಲೆಗರಿಗಳನ್ನು ಸಂಪಾದಿಸಿದವರಿಗೆಲ್ಲ ತಿಳಿದ ನ್ಯಾಯವೇ. ಹೀಗೆ ಗೋವಿನ ಮೇಲಿದ್ದ ಒಂದು ಅಪವಾದವು ಕಳೆಯಿತು. 2014ರಲ್ಲಿ ಪೆರು ದೇಶದ, ಸುಮಾರು ಸಾವಿರ ವರ್ಷಗಳ ಹಿಂದಿನ ಅಸ್ಥಿಗಳಿಂದ ತೆಗೆದ ಲಿಪಿಯು ಕಡಲಸಿಂಹಗಳ ಕ್ಷಯಾಣುವಿಗೆ ಹತ್ತಿರದ್ದೆಂದು ಕಂಡುಬಂದಿತು. ಯೂರೋಪಿನವರು ಹೋಗುವುದಕ್ಕೆ ಮುಂಚೆಯೇ ಸಮುದ್ರವನ್ನು ದಾಟಿಸಿ ರೋಗವನ್ನು ಆ ತೀರಕ್ಕೆ ತಂದವು ಈ ಜಲಚರಗಳೆಂದು ವಿದ್ವಾಂಸರು ಊಹಿಸುತ್ತಾರೆ.

ಮನುಷ್ಯನಿಂದ ಪ್ರಾಣಿಗಳಿಗೆ ಹೋಗುವ ದಾರಿಯೂ ಮುಚ್ಚಿಲ್ಲ. ಕೋಖನ ಮೊದಲನೆಯ ಪ್ರತಿಜ್ಞೆಗೂ ಅಪವಾದಗಳು ದೊರೆತು, ಭಾರತದ ದನಗಳಿಂದ ಮನುಷ್ಯಕ್ಷಯಾಣುವನ್ನು ಬೇರ್ಪಡಿಸಿದ್ದಾರೆ. ಮಾವುತರೊಡನೆ ಬಾಳುವ ಸಾಕಿದ ಆನೆಗಳಿಗೆ ತಗಲುವುದೂ ಮನುಷ್ಯರ ಬಗೆಯೇ. ದಕ್ಷಿಣ ಭಾರತದ ಮೂರು ಕಾಡಾನೆಗಳು ಅದೇ ರೋಗದಿಂದ ಸತ್ತುದು 2017ರಲ್ಲಿ ವರದಿಯಾಯಿತು.

ಇನ್ನು ನಮ್ಮ ಹಾಲಿನ ಪ್ರಶ್ನೆ. ವೆಲ್ಲೂರಿನಲ್ಲಿ ರೋಗಿಗಳಿಂದ ಬೆಳೆಸಿದ 940 ಮಾದರಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಫಲವು ವಿಚಾರಾರ್ಹವಾದುದು. ಅವುಗಳಲ್ಲಿ, ಲಸಿಕೆಯ ಅಣುವನ್ನು ಬಿಟ್ಟರೆ, ಯೂರೋಪಿನ ವಾದಕ್ಕೆ ವಿಷಯವಾಗಿದ್ದ ದನದ ಅಣುವು ಒಂದರಲ್ಲಿಯೂ ಇರಲಿಲ್ಲ. ಏಳರಲ್ಲಿ ಇದ್ದುದು ಅದೇ ಕುಲದ ಮತ್ತೊಂದು ಬಗೆ; ಓರಿಕ್ಸ್ ಎಂಬ ಹುಲ್ಲೆಯ ಹೆಸರಿನಿಂದ ಓರಿಗಿಸ್ ಎಂದು ಕರೆಯಲ್ಪಡುವ ಇದು ದಕ್ಷಿಣ ಏಷ್ಯದ ದನಗಳಲ್ಲಿಯೂ ಜಿಂಕೆಗಳಲ್ಲಿಯೂ ಕಂಡುಬಂದಿದೆ. ಪ್ರಾಣಿಗಳಿಂದ ಬಂದ ಕ್ಷಯವೆಂದರೆ ಯೂರೋಪಿನ ದನದ ಅಣುವಿನಿಂದ ಬಂದುದೇ ಎಂಬ ಲಕ್ಷಣವನ್ನು ಹಿಡಿದು ನಮ್ಮಲ್ಲಿ ಎಣಿಸಲು ಹೊರಟರೆ ಈ ಏಳೂ ಲೆಕ್ಕದಿಂದ ಬಿಟ್ಟುಹೋಗುವುವು. ಆದುದರಿಂದ ಆ ಲಕ್ಷಣವನ್ನೇ ತಿದ್ದಬೇಕೆಂದು ಆ ಸಂಶೋಧಕರು ಸೂಚಿಸಿದ್ದಾರೆ.